ತೈವಾನಿನವರೆಲ್ಲ ‘ಚೀನಾ ಮೂಲದವರು’ ಎಂದು ಬರೆಯುವ ಮುನ್ನ: ಕನ್ನಡದ ಸಂಪಾದಕರಿಗೊಂದು ಬಹಿರಂಗ ಪತ್ರ

ಕನ್ನಡದ ದಿನಪತ್ರಿಕೆ, ವಾರಪತ್ರಿಕೆ ಮತ್ತು ಸುದ್ದಿವಾಹಿನಿಗಳ ಸಂಪಾದಕರಿಗೆ,
ಶಾಲಾ ಪಠ್ಯ ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿ ಬರೆಯುವ ಹಿರಿಯರಿಗೆ,

ಮಾನ್ಯರೇ,

ವಂದನೆಗಳು. ನಾನು ಕೊಪ್ಪಳ ಜಿಲ್ಲೆಯವನು. ಏಳು ವರ್ಷಗಳಿಂದ ತೈವಾನಿನ ಶಿಂಚು ನಗರದಲ್ಲಿ ಎಂಜಿನಿಯರ್ ಆಗಿದ್ದೇನೆ. ದಿನ ಬೆಳಗಾದರೆ ಮೊಬೈಲಿನಲ್ಲಿ ಕನ್ನಡ ಪತ್ರಿಕೆ ಓದದೆ ಕೆಲಸಕ್ಕೆ ಹೊರಡುವವನಲ್ಲ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಸಹೋದ್ಯೋಗಿಯೊಬ್ಬರು ಕಂಪನಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ಬಿಡುವಿದ್ದ ಒಂದು ದಿನ ಊರಾಚೆಯ ಸರ್ಕಾರಿ ಶಾಲೆಯ ವಿಜ್ಞಾನ ಮೇಳಕ್ಕೆ ಅವರನ್ನು ಅತಿಥಿಯಾಗಿ ಕರೆದೊಯ್ದರಂತೆ. ಮಕ್ಕಳು ಶಾಲು ಹೊದಿಸಿ, ಹಣೆಗೆ ಕುಂಕುಮ ಇಟ್ಟು, ಕೈಗೆ ತೆಂಗಿನಕಾಯಿ ಕೊಟ್ಟರು. ಮರುದಿನ ಪತ್ರಿಕೆಯೊಂದರ ಸ್ಥಳೀಯ ಪುಟದಲ್ಲಿ ಫೋಟೊ ಬಂತು. ಆ ತುಣುಕನ್ನು ಅವರು ನೀಟಾಗಿ ಕತ್ತರಿಸಿ, ಪಾಸ್‌ಪೋರ್ಟಿನ ಹಾಳೆಗಳ ನಡುವೆ ಮಡಚದೆ ಇಟ್ಟುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ‘ಏನು ಬರೆದಿದ್ದಾರೆ, ಓದಿ ಹೇಳಿ’ ಎಂದರು. ಫೋಟೊದ ಕೆಳಗೆ ಇದ್ದದ್ದು ಒಂದೇ ಸಾಲು: ‘ಚೀನಾ ಮೂಲದ ತೈವಾನ್ ಎಂಜಿನಿಯರ್ ಮಕ್ಕಳೊಂದಿಗೆ.’

ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ನಾವು ಚೀನಾದಿಂದ ಯಾವಾಗ ಬಂದೆವು?’

ಅವರು ಪೂರ್ವ ಕರಾವಳಿಯ ಹ್ವಾಲಿಯೆನ್ ಕಡೆಯ ಅಮಿಸ್ ಜನಾಂಗದವರು. ಚೀನಾದಿಂದ ದೊಡ್ಡ ಸಂಖ್ಯೆಯಲ್ಲಿ ಜನ ತೈವಾನಿಗೆ ಬಂದು ನೆಲೆಸಲು ತೊಡಗಿದ್ದು ಹದಿನೇಳನೆಯ ಶತಮಾನದಲ್ಲಿ. ಅವರ ಹಿರಿಯರು ಅದಕ್ಕೂ ಸಾವಿರಾರು ವರ್ಷ ಮೊದಲೇ ಆ ದ್ವೀಪದಲ್ಲಿ ಬೇಸಾಯ ಮಾಡಿಕೊಂಡು, ಮಡಕೆ ಮಾಡಿಕೊಂಡು, ದೋಣಿ ಕಟ್ಟಿಕೊಂಡು ಇದ್ದರು.

ಒಂದು ಫೋಟೊದ ಅಡಿಟಿಪ್ಪಣಿಯ ವಿಷಯವಾಗಿದ್ದರೆ ನಾನು ತಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಈ ಸಾಲು ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ನನ್ನ ಅಣ್ಣನ ಮಗಳು ತನ್ನ ಕೈಪಿಡಿಯ ಪುಟವೊಂದರ ಫೋಟೊ ಕಳಿಸಿದ್ದಳು. ‘ತೈವಾನಿನ ಮೂಲ ನಿವಾಸಿಗಳು ಯಾರು?’ ಎಂಬುದು ಪ್ರಶ್ನೆ. ‘ಹಾನ್ ಚೀನೀಯರು’, ಅಂದರೆ ಚೀನಾದ ಬಹುಸಂಖ್ಯಾತ ಜನಾಂಗದವರು, ಎಂಬ ಉತ್ತರಕ್ಕೆ ಸರಿ ಗುರುತು ಹಾಕಿತ್ತು. ‘ಕಾಕಾ, ಇದು ಸರಿಯೇ?’ ಎಂದು ಕೇಳಿದ್ದಳು. ಅಂತರರಾಷ್ಟ್ರೀಯ ಪುಟಗಳಲ್ಲಿ ‘1949ರಲ್ಲಿ ಚೀನಾದಿಂದ ಓಡಿಬಂದವರು ಕಟ್ಟಿದ ದೇಶ’ ಎಂದು ಬರೆಯುತ್ತಾರೆ. ಇನ್ನು ಸುದ್ದಿವಾಹಿನಿಗಳಲ್ಲಿ ಅಲ್ಲಿನ ಆದಿವಾಸಿಗಳ ಮಾತು ಬಂದರೆ ತಲೆ ಕಡಿಯುವ ಕಾಡುಜನರ ಕಥೆಯೇ, ಹಿಂದೆ ಭಯಾನಕ ಸಂಗೀತ ಬೇರೆ. ನನ್ನ ಸಹೋದ್ಯೋಗಿ ನೋಡುವುದಿಲ್ಲ ಎಂಬುದಷ್ಟೇ ಸಮಾಧಾನ.

ನ್ಯಾಯವಾಗಿಯೇ ಮಾತಾಡುತ್ತೇನೆ. ತೈವಾನಿನ ಸುಮಾರು 2.3 ಕೋಟಿ ಜನರಲ್ಲಿ ಶೇ 95ಕ್ಕೂ ಹೆಚ್ಚು ಮಂದಿಯನ್ನು ಹಾನ್ ಎಂದೇ ಲೆಕ್ಕ ಹಾಕುತ್ತಾರೆ. ಸರ್ಕಾರಿ ದಾಖಲೆಯಲ್ಲಿರುವ ಆದಿವಾಸಿಗಳು ಆರು ಲಕ್ಷದಷ್ಟು, ಅಂದರೆ ಶೇ 2.5ರ ಆಸುಪಾಸು. ಆದ್ದರಿಂದ ‘ಬಹುಪಾಲು ಜನರ ಪೂರ್ವಜರು ಚೀನಾದಿಂದ ಬಂದವರು’ ಎಂದು ಬರೆದರೆ ನನ್ನ ತಕರಾರಿಲ್ಲ. ‘ಬಹುಪಾಲು’ ಎಂಬ ಆ ಒಂದು ಪದ ಬಿಟ್ಟುಹೋದಾಗ ಆರು ಲಕ್ಷ ಜನ ಅಳಿಸಿಹೋಗುತ್ತಾರೆ. ಅಷ್ಟೇ ಅಲ್ಲ, ಭೂಮಿಯ ಅರ್ಧದಷ್ಟು ಸುತ್ತಳತೆಗೆ ಹಬ್ಬಿರುವ ಒಂದು ಮಹಾಕಥೆಯ ಮೊದಲ ಪುಟವೇ ಹರಿದುಹೋಗುತ್ತದೆ.

ಆ ಕಥೆ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಆ ಸಹೋದ್ಯೋಗಿಯ ಮನೆಯಂಗಳದಲ್ಲಿ. ಬೇಸಿಗೆಯ ಸುಗ್ಗಿಹಬ್ಬಕ್ಕೆ ನನ್ನನ್ನು ಕರೆದಿದ್ದರು. ಅವರ ತಾಯಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಎಣಿಸುತ್ತಿದ್ದರು. ಮೂರಕ್ಕೆ ತೊಲೊ, ನಾಲ್ಕಕ್ಕೆ ಸೆಪತ್, ಐದಕ್ಕೆ ಲಿಮ. ಮುಂದೆ ಎನೆಮ್, ಪಿತೊ, ಫಲೊ, ಸಿವ. ಅದೇ ಅಂಗಳದಲ್ಲಿ ಫಿಲಿಪ್ಪೀನ್ಸಿನ ಒಬ್ಬ ಕೆಲಸಗಾರ ಕೂತಿದ್ದ. ‘ನಮ್ಮಲ್ಲೂ ಐದಕ್ಕೆ ಲಿಮ’ ಎಂದ. ಶಿಂಚುವಿಗೆ ಮರಳಿದ ಮೇಲೆ ಹುಡುಕಿ ಓದಿದೆ. ಮಲಯ ಭಾಷೆಯಲ್ಲೂ ಐದು ಎಂದರೆ ಲಿಮ. ನ್ಯೂಜಿಲೆಂಡಿನ ಮಾವೊರಿಯಲ್ಲಿ ರಿಮ. ಹವಾಯಿಯಲ್ಲಿ ಲಿಮ ಎಂದರೆ ಐದೂ ಹೌದು, ಕೈಯೂ ಹೌದು. ಆಫ್ರಿಕಾದ ಮಗ್ಗುಲಲ್ಲಿರುವ ಮಡಗಾಸ್ಕರಿಗೆ ಹೋಗಿ ಮೂರರಿಂದ ಎಣಿಸಿ ನೋಡಿ: ತೆಲು, ಎಫತ್ರ, ದಿಮಿ, ಎನಿನ, ಫಿತು, ವಲು, ಸಿವಿ. ಹ್ವಾಲಿಯೆನ್‌ನ ಅಜ್ಜಿ ಮಡಚಿದ ಬೆರಳುಗಳೇ ಅವು.

ಬಲೂಚಿಸ್ತಾನದ ಬ್ರಾಹುಯಿ ಭಾಷೆಯಲ್ಲಿ ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’ ಎನ್ನುತ್ತಾರೆಂದು ತಿಳಿದಾಗ ನಾವು ಕನ್ನಡಿಗರು ಎಷ್ಟು ಬೆರಗಾಗುತ್ತೇವೆ! ದೂರದ ದಾಯಾದಿ ಸಿಕ್ಕಷ್ಟು ಖುಷಿ. ತೈವಾನಿನ ಆದಿವಾಸಿಗಳಿಗೆ ಅಂಥ ದಾಯಾದಿಗಳು ಪಶ್ಚಿಮದಲ್ಲಿ ಮಡಗಾಸ್ಕರಿನಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ, ಉತ್ತರದಲ್ಲಿ ಹವಾಯಿಯಿಂದ ದಕ್ಷಿಣದಲ್ಲಿ ನ್ಯೂಜಿಲೆಂಡಿನವರೆಗೆ ಇದ್ದಾರೆ. ಆಸ್ಟ್ರೋನೇಷ್ಯನ್ ಎಂದು ಕರೆಯುವ ಈ ಭಾಷಾ ಕುಟುಂಬದಲ್ಲಿ ಸಾವಿರದ ಇನ್ನೂರರಷ್ಟು ಭಾಷೆಗಳಿವೆ. ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ ಈ ಕುಟುಂಬವನ್ನು ಹತ್ತು ಮೂಲ ಶಾಖೆಗಳಾಗಿ ವಿಂಗಡಿಸಿದರು. ಅದರಲ್ಲಿ ಒಂಬತ್ತು ಶಾಖೆಗಳು ತೈವಾನ್ ಬಿಟ್ಟು ಬೇರೆಲ್ಲೂ ಇಲ್ಲ. ಉಳಿದ ಸಮಸ್ತ ಭಾಷೆಗಳು, ಅಂದರೆ ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮಡಗಾಸ್ಕರ್, ಫಿಜಿ, ಹವಾಯಿ ಎಲ್ಲವೂ ಸೇರಿ, ಹತ್ತನೆಯ ಒಂದೇ ಶಾಖೆ. ಯಾವ ಊರಿನಲ್ಲಿ ಒಂದು ಮನೆತನದ ಹಳೆಯ ಕವಲುಗಳೆಲ್ಲ ಇವೆಯೋ ಆ ಮನೆತನ ಹೊರಟದ್ದು ಆ ಊರಿನಿಂದಲೇ ಎಂದು ನಮ್ಮ ಹಳ್ಳಿಯ ಹಿರಿಯರೂ ಹೇಳಬಲ್ಲರು. ವಿದ್ವಾಂಸರ ತರ್ಕವೂ ಇದೇ.

ಇದನ್ನು ಭಾಷೆಯೊಂದೇ ಹೇಳುತ್ತಿಲ್ಲ. ಹ್ವಾಲಿಯೆನ್‌ನ ಫೆಂಗ್‌ತ್ಯೆನ್ ಗಣಿಯ ಹಸಿರು ಕಲ್ಲಿನಲ್ಲಿ ಮಾಡಿದ ಓಲೆಗಳು ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂಗಳ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕಿವೆ. ಪೆಸಿಫಿಕ್ ದ್ವೀಪದವರು ತೊಗಟೆ ಬಡಿದು ಬಟ್ಟೆ ಮಾಡುವ ಕಾಗದ-ಹಿಪ್ಪುನೇರಳೆ ಗಿಡವನ್ನು ನೋಡಿ: ಅದರ ವಂಶವಾಹಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಗಿಡದ ತವರು ತೈವಾನ್ ಎಂದು ತೋರಿಸಿತು. ದೋಣಿಯಲ್ಲಿ ಹೊರಟವರು ತಮ್ಮ ಬಟ್ಟೆಯ ಗಿಡವನ್ನು ಬೇರು ಸಮೇತ ಒಯ್ದಿದ್ದರು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ದಕ್ಷಿಣದ ಪಿಂಗ್‌ತುಂಗ್ ಗುಡ್ಡಗಳಲ್ಲಿ ಪೈವಾನ್ ಜನಾಂಗದ ಒಂದು ಕಲ್ಲುಚಪ್ಪಡಿಯ ಮನೆಗೆ ಹೋಗಿದ್ದೆ. ಬಾಗಿ ಒಳಹೊಕ್ಕು ತಲೆ ಎತ್ತಿದರೆ, ಒಲೆಯ ಮೇಲಿನ ಅಡ್ಡಗಳುವಿನಲ್ಲಿ ತೆನೆಗಳ ಕಟ್ಟುಗಳು ನೇತಾಡುತ್ತಿದ್ದವು. ಹೊಗೆಗೆ ಕಪ್ಪಿಟ್ಟಿದ್ದರೂ ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ನವಣೆ! ನಮ್ಮ ಅವ್ವ ಸಂಕ್ರಾಂತಿಗೆ ಹುಗ್ಗಿ ಮಾಡುತ್ತಿದ್ದ ನವಣಕ್ಕಿಯ ನವಣೆ. ಆ ಮನೆಯ ಅಜ್ಜಿ ನವಣೆಯೊಳಗೆ ಹಂದಿಮಾಂಸ ತುಂಬಿ, ಎಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿ ಬೇಯಿಸಿದ ಕಡುಬಿನಂಥ ತಿನಿಸು ಕೊಟ್ಟರು. ಅದರ ಹೆಸರು ಚಿನಾವು. ನವಣೆ ಅವರಿಗೆ ಬರೀ ಹೊಟ್ಟೆಯ ಕಾಳಲ್ಲ. ನಡುಗುಡ್ಡದ ಬುನುನ್ ಜನ ನವಣೆಯ ಬಿತ್ತನೆ, ಕಳೆ, ಕೊಯ್ಲುಗಳನ್ನೇ ಹಿಡಿದು ವರ್ಷವನ್ನು ಎಣಿಸಿದವರು. ನವಣೆ ಚೆನ್ನಾಗಿ ಬರಲೆಂದು ಅವರು ಸುತ್ತ ನಿಂತು, ಹಲವು ಸ್ವರಗಳನ್ನು ಒಂದರ ಮೇಲೊಂದು ಏರಿಸುತ್ತಾ ಮಾಡುವ ಪ್ರಾರ್ಥನೆ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ತೈವಾನ್ ಎಂದರೆ ಚಿಪ್ ಎಂದಷ್ಟೇ ಬರೆಯುವ ಮಿತ್ರರಿಗೆ ಇದನ್ನೂ ಹೇಳಬೇಕು. ತೈನಾನ್‌ನಲ್ಲಿ ವಿಜ್ಞಾನ ಪಾರ್ಕ್ ಕಟ್ಟಲೆಂದು ನೆಲ ಅಗೆದಾಗ ಹಳೆಯ ವಸತಿಗಳು ಒಂದರ ಹಿಂದೊಂದು ಸಿಕ್ಕವು. ಅಲ್ಲಿನ ನಾನ್‌ಗುವಾನ್‌ಲಿ ನೆಲೆಯಲ್ಲಿ ಕರಿಗಟ್ಟಿದ ಭತ್ತ, ನವಣೆಯ ಕಾಳುಗಳು ದೊರೆತವು. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯವು. ಚಿಪ್ ಕಾರ್ಖಾನೆಗಳ ಅಡಿಯಲ್ಲೇ ನವಣೆ ಇತ್ತು.

‘ಹಾಗಾದರೆ ಆ ಮೊದಲಿನವರು ಎಲ್ಲಿಂದ ಬಂದರು?’ ಎಂದು ಯಾರಾದರೂ ಕೇಳಬಹುದು. ಈಗಿನ ದಕ್ಷಿಣ ಚೀನಾದ ಕರಾವಳಿಯಿಂದ, ಐದಾರು ಸಾವಿರ ವರ್ಷಗಳ ಹಿಂದೆ, ಜಲಸಂಧಿ ದಾಟಿ ಬಂದಿರಬೇಕೆಂದು ಬಹಳಷ್ಟು ಪುರಾತತ್ವಜ್ಞರು ಹೇಳುತ್ತಾರೆ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಆಗ ಚೀನಾ ಎಂಬ ದೇಶವಿರಲಿಲ್ಲ, ಹಾನ್ ಎಂಬ ಹೆಸರಿರಲಿಲ್ಲ. ಆ ಅರ್ಥದಲ್ಲಿ ಅವರನ್ನು ‘ಚೀನೀಯರು’ ಎನ್ನುವುದಾದರೆ ಮಾವೊರಿಗಳನ್ನೂ ಹವಾಯಿಯವರನ್ನೂ ಚೀನೀಯರು ಎನ್ನಬೇಕಾಗುತ್ತದೆ.

ಇನ್ನು ಹಾನ್ ಎಂದು ಕರೆಸಿಕೊಳ್ಳುವ ಬಹುಸಂಖ್ಯಾತರ ವಿಷಯ. ಅವರೂ ಒಂದೇ ಗೊನೆಯ ಬಾಳೆಹಣ್ಣುಗಳಲ್ಲ. ತೈಪೆಯ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣದ ಹೆಸರು ಮ್ಯಾಂಡರಿನ್, ಇಂಗ್ಲಿಷ್, ಹೊಕ್ಲೊ, ಹಕ್ಕಾ ಎಂದು ನಾಲ್ಕು ಭಾಷೆಗಳಲ್ಲಿ ಕೇಳಿಸುತ್ತದೆ. ಹೊಕ್ಲೊ ಜನ ಫುಜಿಯನ್ ಪ್ರಾಂತ್ಯದ ಚುವಾನ್‌ಚೌ, ಚಾಂಗ್‌ಚೌಗಳ ಕಡೆಯಿಂದ ಬಂದವರು, ಸುಮಾರು ಶೇ 70. ಹಕ್ಕಾ ಜನ ಹೆಚ್ಚಾಗಿ ಗುವಾಂಗ್‌ಡಾಂಗ್ ಕಡೆಯವರು. ನಾನಿರುವ ಶಿಂಚುವಿನ ಸುತ್ತ ಅವರೇ ಹೆಚ್ಚು. ನನ್ನ ಮನೆಯೊಡತಿಯೂ ಹಕ್ಕಾ. ಅವರ ಮಾತು ಹೊಕ್ಲೊ ಮಾತಿನವರಿಗೆ ಅರ್ಥವಾಗುವುದಿಲ್ಲ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇವರಿವರಲ್ಲೇ, ಚುವಾನ್‌ಚೌ-ಚಾಂಗ್‌ಚೌದವರ ನಡುವೆಯೇ, ನೀರಿಗೂ ನೆಲಕ್ಕೂ ಊರಿಗೆ ಊರೇ ಹೊಡೆದಾಡಿದ್ದುಂಟು.

1949ರಲ್ಲಿ ಬಂದವರು ಇನ್ನೊಂದು ಪದರ. ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರಿಗೆ ಸೋತ ಚಿಯಾಂಗ್ ಕೈ ಶೆಕ್ ಸರ್ಕಾರದ ಜೊತೆ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು, ನೌಕರರು, ನಿರಾಶ್ರಿತರು ಬಂದರು. ಅವರಲ್ಲೂ ಶಾಂಡಾಂಗ್, ಸಿಚುವಾನ್, ಹುನಾನ್ ಎಂದು ಊರಿಗೊಂದು ಮಾತು, ಊರಿಗೊಂದು ಅಡುಗೆ. ದ್ವೀಪದ ಜನಸಂಖ್ಯೆಯಲ್ಲಿ ಅವರೂ ಅವರ ಮಕ್ಕಳೂ ಏಳರಲ್ಲಿ ಒಂದು ಪಾಲಿನಷ್ಟು. ನಮ್ಮ ಪತ್ರಿಕೆಗಳು ಈ ಒಂದು ಪಾಲಿನ ಕಥೆಯನ್ನು ಏಳೂ ಪಾಲಿನ ತಲೆಗೆ ಕಟ್ಟುತ್ತಿವೆ.

ಅವರು ಬಂದ ಮೇಲೆ ಶಾಲೆಗಳಲ್ಲಿ ಮ್ಯಾಂಡರಿನ್ ಒಂದೇ ನಡೆಯಬೇಕೆಂದಾಯಿತು. ಮನೆಮಾತು ಆಡಿದ ಮಗುವಿಗೆ ದಂಡ, ಇಲ್ಲವೇ ಕೊರಳಿಗೆ ಹಲಗೆ. ನನ್ನ ಮನೆಯೊಡತಿಗೆ ಈಗ ಎಪ್ಪತ್ತು ದಾಟಿದೆ. ಎರಡನೇ ತರಗತಿಯಲ್ಲಿ ತಂಗಿಯನ್ನು ಹಕ್ಕಾದಲ್ಲಿ ಕೂಗಿದ್ದಕ್ಕೆ ಇಡೀ ದಿನ ಹಲಗೆ ನೇತು ಹಾಕಿಕೊಂಡು ನಿಂತದ್ದನ್ನು ಹೇಳುವಾಗ ಅವರ ಕೈ ತಾನಾಗಿಯೇ ಕೊರಳಿಗೆ ಹೋಗುತ್ತದೆ. 1987ರಲ್ಲಿ ಸೇನಾಡಳಿತ ಕೊನೆಗೊಂಡಿತು. ಮರುವರ್ಷ ಡಿಸೆಂಬರಿನಲ್ಲಿ ಹಕ್ಕಾ ಜನ ‘ನಮ್ಮ ತಾಯ್ನುಡಿ ನಮಗೆ ಕೊಡಿ’ ಎಂದು ತೈಪೆಯ ಬೀದಿಗಿಳಿದರು. ಭಾಷೆಗಾಗಿ ಬೀದಿಗಿಳಿದ ನಾಡಿನ ಪತ್ರಿಕೆಗಳು ಇದನ್ನೊಮ್ಮೆ ಬರೆಯಬಾರದೇ?

ಅತಿ ನೋವಿನ ಭಾಗ ಬಯಲುಸೀಮೆಯ ಆದಿವಾಸಿಗಳದ್ದು. ತೈನಾನ್ ಸುತ್ತಲಿನ ಸಿರಾಯಾ ಜನ ಅವರಲ್ಲಿ ಒಬ್ಬರು. 1624ರಲ್ಲಿ ಡಚ್ಚರು ಬಂದಿಳಿದಾಗ ಮೊದಲು ಎದುರಾದವರು ಇವರೇ. ಮುಂದೆ ದ್ವೀಪವನ್ನು ಆಳಿದ ಚೀನಾದ ಚಿಂಗ್ ಅರಸೊತ್ತಿಗೆ ಆದಿವಾಸಿಗಳನ್ನು ‘ಬೆಂದವರು’, ‘ಹಸಿಯವರು’ ಎಂದು ವಿಂಗಡಿಸಿತು. ತೆರಿಗೆ ಕಟ್ಟಿ, ಚೀನೀ ರೀತಿಗೆ ಒಗ್ಗಿದವರು ಬೆಂದವರು. ಗುಡ್ಡದಲ್ಲಿ ತಮ್ಮ ಪಾಡಿಗೆ ಇದ್ದವರು ಹಸಿಯವರು. ಮನುಷ್ಯರಿಗೆ ಇಡುವ ಹೆಸರೇ ಇದು? ವಲಸೆ ಬಂದ ಗಂಡಸರು ಹೆಂಗಸರನ್ನು ಕರೆತರದಂತೆ ಬಹುಕಾಲ ನಿರ್ಬಂಧವಿತ್ತು. ಹಲವರು ಬಯಲಿನ ಆದಿವಾಸಿ ಹೆಣ್ಣುಗಳನ್ನು ಮದುವೆಯಾದರು. ‘ಚೀನಾದ ತಾತ ಉಂಟು, ಚೀನಾದ ಅಜ್ಜಿ ಇಲ್ಲ’ ಎಂಬರ್ಥದ ಗಾದೆ ಹೊಕ್ಲೊ ಜನರ ಬಾಯಲ್ಲಿ ಇಂದಿಗೂ ಇದೆ. ಆ ಅಜ್ಜಿಯರ ಹೆಸರನ್ನು ವಂಶಾವಳಿಗಳು ಬರೆದುಕೊಳ್ಳಲಿಲ್ಲ.

1895ರಿಂದ 1945ರವರೆಗೆ ಆಳಿದ ಜಪಾನಿಯರು ಮನೆಮನೆಯ ದಾಖಲೆ ಪುಸ್ತಕದಲ್ಲಿ ಜನಾಂಗದ ಕಾಲಮಿನಲ್ಲಿ ಒಂದೊಂದೇ ಅಕ್ಷರ ಬರೆದರು. ಸಿರಾಯಾ ಮನೆಗಳ ಮುಂದೆ ‘ಬೆಂದ’ ಎಂಬುದರ ಅಕ್ಷರ. ಅವಮಾನಕ್ಕೆಂದು ಹುಟ್ಟಿದ ಆ ಅಕ್ಷರವೇ ಇವತ್ತು ಅವರ ಮೊಮ್ಮಕ್ಕಳಿಗೆ ತಾವು ಯಾರು ಎಂಬುದಕ್ಕೆ ಪುರಾವೆ. ಯುದ್ಧದ ನಂತರ ಬಂದ ಸರ್ಕಾರ ಅವರನ್ನು ಆದಿವಾಸಿಗಳ ಪಟ್ಟಿಗೆ ಸೇರಿಸಲಿಲ್ಲ. 2022ರ ಅಕ್ಟೋಬರಿನಲ್ಲಿ ತೈವಾನಿನ ಸಂವಿಧಾನ ನ್ಯಾಯಾಲಯ ಅವರ ಪರ ತೀರ್ಪು ನೀಡಿ, ಅಂಥ ಜನರನ್ನು ಗುರುತಿಸುವ ಕಾನೂನನ್ನು ಮೂರು ವರ್ಷಗಳೊಳಗೆ ಮಾಡಬೇಕೆಂದಿತು. ಆ ವಾರ ನಮ್ಮ ಪತ್ರಿಕೆಗಳಲ್ಲಿ ತೈವಾನ್ ಸುದ್ದಿ ಹುಡುಕಿದೆ. ಯುದ್ಧವಿಮಾನಗಳ ಲೆಕ್ಕವಷ್ಟೇ ಕಂಡಿತು.

ಸಿರಾಯಾ ಭಾಷೆ ಆಡುವವರಿಲ್ಲದೆ ನಿಂತುಹೋಗಿತ್ತು. ಉಳಿದದ್ದು ಡಚ್ ಪಾದ್ರಿಯೊಬ್ಬರು ಮಾಡಿ 1661ರಲ್ಲಿ ಅಚ್ಚಾದ ಮತ್ತಾಯನ ಸುವಾರ್ತೆಯ ಅನುವಾದ ಮತ್ತು ರೋಮನ್ ಅಕ್ಷರದಲ್ಲಿ ಬರೆದ ಒಂದಷ್ಟು ಜಮೀನು ಕರಾರುಪತ್ರಗಳು. ಆ ಹಳೆಯ ಸುವಾರ್ತೆಯ ಪದಗಳನ್ನು ಓದಿ, ‘ಇವು ನನ್ನ ಭಾಷೆಯ ಪದಗಳ ಹಾಗಿವೆಯಲ್ಲ’ ಎಂದು ಗುರುತಿಸಿದವರು ಸಿರಾಯಾ ಮನೆಯೊಂದಕ್ಕೆ ಅಳಿಯನಾಗಿ ಬಂದ, ಫಿಲಿಪ್ಪೀನ್ಸಿನ ಬಿಸಾಯ ಭಾಷಿಕ! ಅವರು ಸಿದ್ಧಪಡಿಸಿದ ಪದಕೋಶ 2008ರಲ್ಲಿ ಪ್ರಕಟವಾಯಿತು. ಈಗ ಮಕ್ಕಳು ಆ ಪದಗಳಲ್ಲಿ ಹಾಡು ಕಲಿಯುತ್ತಿದ್ದಾರೆ. ಕಿಟೆಲ್ ಅವರ ನಿಘಂಟನ್ನು ಇಂದಿಗೂ ತೆರೆಯುವ ನಮಗೆ, ಧರ್ಮಪ್ರಚಾರಕ್ಕೆ ಬಂದವರ ಪುಸ್ತಕ ಒಂದು ಭಾಷೆಗೆ ಏನಾಗಬಲ್ಲದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ನನ್ನ ಪತ್ರ ಓದಿ ಕೆಲವರು ಎದುರು ದಿಕ್ಕಿಗೆ ಓಡಬಹುದು: ‘ನೋಡಿ, ತೈವಾನಿನವರ ರಕ್ತವೇ ಬೇರೆ, ಆದ್ದರಿಂದ ದೇಶವೂ ಬೇರೆ’ ಎಂದು. ದಯವಿಟ್ಟು ಅದನ್ನೂ ಮಾಡಬೇಡಿ. ಬೀಜಿಂಗ್ ‘ಎಲ್ಲರೂ ನಮ್ಮ ರಕ್ತ’ ಎನ್ನುತ್ತದೆ. ಇಲ್ಲಿನ ಕೆಲವರು ಆದಿವಾಸಿ ಅಜ್ಜಿಯ ರಕ್ತವನ್ನು ಶೇಕಡಾವಾರು ಅಳೆದು ಉತ್ತರ ಕೊಡುತ್ತಾರೆ. ಎರಡರ ನಡುವೆ ಆದಿವಾಸಿಗಳು ಮತ್ತೊಬ್ಬರ ವಾದಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕಾಗುತ್ತದೆ. ತಮ್ಮ ಜಮೀನು, ಬೇಟೆಯ ಹಕ್ಕು, ತಾವೊ ಜನರ ದ್ವೀಪದಲ್ಲಿ 1982ರಿಂದ ತಂದಿಟ್ಟ ಪರಮಾಣು ತ್ಯಾಜ್ಯ, ಇವು ಅವರ ನಿಜವಾದ ಅಳಲು. 2016ರ ಆಗಸ್ಟ್ 1ರಂದು ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಸರ್ಕಾರದ ಪರವಾಗಿ ಆದಿವಾಸಿಗಳ ಕ್ಷಮೆ ಕೇಳಿದರು. ಅವರ ಅಜ್ಜಿ ಪೈವಾನ್ ಜನಾಂಗದವರು. ಕ್ಷಮೆಯಿಂದ ಜಮೀನು ಮರಳಲಿಲ್ಲ ಎಂದು ತೈಪೆಯಲ್ಲಿ ತಿಂಗಳುಗಟ್ಟಲೆ ಧರಣಿ ಕೂತವರೂ ಆದಿವಾಸಿಗಳೇ.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಒಬ್ಬ ವ್ಯಕ್ತಿಯ ಮೂಲ ಗೊತ್ತಿಲ್ಲದಿದ್ದರೆ ‘ತೈವಾನಿನವರು’ ಎಂದಷ್ಟೇ ಬರೆಯಿರಿ. ಅದೇ ಸಾಕು, ಅದೇ ಸತ್ಯ. ಇಡೀ ಜನರ ಬಗ್ಗೆ ಬರೆಯುವಾಗ ‘ಬಹುಪಾಲು’ ಎಂಬ ಪದವನ್ನು ಬಿಡಬೇಡಿ. ಆದಿವಾಸಿಗಳನ್ನು ‘ಕಾಡುಜನ’ ಎನ್ನಬೇಡಿ. ಅಲ್ಲಿನ ಸರ್ಕಾರವೇ ‘ಗುಡ್ಡಗಾಡಿನ ಬಂಧುಗಳು’ ಎಂಬ ಹಳೆಯ ಹೆಸರನ್ನು 1994ರಲ್ಲಿ ಕೈಬಿಟ್ಟು, ಅವರೇ ಕೇಳಿಕೊಂಡ ‘ಮೂಲನಿವಾಸಿಗಳು’ ಎಂಬ ಹೆಸರನ್ನು ಸಂವಿಧಾನದಲ್ಲಿ ಬರೆಯಿತು. ಪಠ್ಯ ಬರೆಯುವವರಲ್ಲಿ ನನ್ನದು ವಿಶೇಷ ವಿನಂತಿ: ದ್ರಾವಿಡ ಭಾಷೆಗಳ ನಕ್ಷೆ ಕಲಿಸುವ ಪಾಠದ ಪಕ್ಕದಲ್ಲಿ ಆಸ್ಟ್ರೋನೇಷ್ಯನ್ ಭಾಷೆಗಳ ನಕ್ಷೆಗೆ ಅರ್ಧ ಪುಟ ಕೊಡಿ. ತೈವಾನಿನ ಮೇಲೆ ಒಂದು ಚುಕ್ಕೆ ಇಟ್ಟು ಅಲ್ಲಿಂದ ಬಾಣದ ಗುರುತು ಎಳೆಯಿರಿ. ಐದರ ಹೆಸರನ್ನು ದ್ವೀಪದಿಂದ ದ್ವೀಪಕ್ಕೆ ಬರೆದುಕೊಂಡು ಹೋದರೆ ಏಳನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಕೈಪಿಡಿಯ ಮುಂದಿನ ಮುದ್ರಣದಲ್ಲಿ ಆ ಒಂದು ಸರಿ ಗುರುತನ್ನು ಅಳಿಸಿ. ಆ ಉತ್ತರ ಬರೆದು ಹುದ್ದೆ ಹಿಡಿಯುವವರು ನಾಳೆ ಇಲ್ಲಿಂದ ಬರುವ ಜನರೊಡನೆ ಕೂತು ಮಾತಾಡುವವರು.

ಹೆಸರುಗಳ ಬಗ್ಗೆ ಗೊಂದಲವಾಗದಿರಲೆಂದು, 2014ರ ಹೊತ್ತಿಗೆ ಸರ್ಕಾರ ಮಾನ್ಯ ಮಾಡಿದ್ದ ಹದಿನಾರು ಜನಾಂಗಗಳನ್ನು ಕನ್ನಡದ ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಇಲ್ಲಿ ಬರೆಯುತ್ತಿದ್ದೇನೆ: ಅಮಿಸ್, ಅತಾಯಲ್, ಪೈವಾನ್, ಬುನುನ್, ಪುಯುಮಾ, ರುಕಾಯ್, ತ್ಸೊವು, ಸೈಸಿಯಾತ್, ತಾವೊ, ಥಾವೊ, ಕವಲಾನ್, ತ್ರುಕು, ಸಕಿಜಾಯಾ, ಸೆದಿಕ್, ಹ್ಲಾಅಲುವಾ, ಕನಕನವು. ಇವುಗಳಲ್ಲಿ ‘ಬುನುನ್’, ‘ತಾವೊ’ ಎರಡಕ್ಕೂ ಅವರವರ ಭಾಷೆಯಲ್ಲಿ ಮನುಷ್ಯ ಎಂದೇ ಅರ್ಥ. ಸಂದೇಹ ಬಂದರೆ ಯಾವ ಹೊತ್ತಿಗಾದರೂ ಕೇಳಿ, ಅಮಿಸ್ ಗೆಳೆಯರನ್ನು ವಿಚಾರಿಸಿ ಉತ್ತರ ಬರೆಯುತ್ತೇನೆ.

ಆ ಪತ್ರಿಕೆಯ ತುಣುಕು ಇನ್ನೂ ನನ್ನ ಸಹೋದ್ಯೋಗಿಯ ಬಳಿಯೇ ಇದೆ. ಎಸೆದಿಲ್ಲ. ಶಾಲು ಹೊದಿಸಿದ ಮಕ್ಕಳ ಮುಖ ಅದರಲ್ಲಿದೆ ಎನ್ನುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಶಿಂಚುವಿನಲ್ಲಿರುವ ಒಬ್ಬ ಕನ್ನಡ ಓದುಗ